ಕಟ್ಟು ದಾಟಿ ಬಂದ ಕೈ

ಬೀದಿಗೆಲ್ಲ ಅವಳು ಕಟ್ಟಕ್ಕ. ಫೋಟೋಗಳಿಗೆ ಕಟ್ಟು ಹಾಕಿಕೊಡುತ್ತಿದ್ದುದರಿಂದ ಬಂದ ಹೆಸರು. ನಾವಿಬ್ಬರು ಮಾತ್ರ ಒಬ್ಬರಿಗೊಬ್ಬರು ‘ಲೇ’. ಶಾಲೆಯ ಬೆಂಚಿನ ಮೇಲೆ ಶುರುವಾದ ಆ ‘ಲೇ’ ಹೋದ ತಿಂಗಳು ನಿಂತಿತು. ನನ್ನನ್ನು ಹಾಗೆ ಕರೆಯುವವರು ಈಗ ಯಾರೂ ಉಳಿದಿಲ್ಲ. ನನ್ನ ಅಳು ಮುಗಿದಿಲ್ಲ. ಆದರೆ ಅವಳ ಬಗ್ಗೆ ಅಳುತ್ತ ಬರೆದರೆ ಅವಳಿಗೆ ಸರಿಬರುವುದಿಲ್ಲ. ಗೆದ್ದು ಹೋದವಳು ಅವಳು.

ಅವಳ ಅಂಗಡಿಯಲ್ಲಿ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಮೂಲೆಗೆ ಒರಗಿಸಿದ ಮರದ ಪಟ್ಟಿಗಳು, ಗರಗಸ, ಗಾಜು ಸೀಳುವ ಮೊನೆ, ಅಂಟಿನ ವಾಸನೆ. ಕೌಂಟರಿನ ಮೇಲ್ಗಡೆ, ಗಿರಾಕಿಗಳು ನೋಡಲೆಂದು ತಂತಿಯಲ್ಲಿ ತೂಗುಹಾಕಿದ ಖಾಲಿ ಕಟ್ಟುಗಳು. ಕೆಲಸ ಕಲಿಸಿದವರು ಅವಳ ಅಪ್ಪ. ಅವರ ಒಂದು ಮಾತು ಅವಳಿಗೆ ವೇದವಾಕ್ಯ: ಕಟ್ಟಿನ ಅಂಚು ಚಿತ್ರವನ್ನು ಸುತ್ತಲೂ ಒಂದಿಷ್ಟು ಕಚ್ಚಿ ಹಿಡಿದಿರಬೇಕು, ಇಲ್ಲದಿದ್ದರೆ ಚಿತ್ರ ಮುಂದಕ್ಕೆ ಬೀಳುತ್ತದೆ.

ಜನರ ಫೋಟೋಗಳೆಲ್ಲ ಗೋಡೆಯಿಂದಿಳಿದು ಮೊಬೈಲು ಸೇರಿದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾದರು.

“ಅಮ್ಮಾ, ನೊಣ ಹೊಡೆಯೋದಕ್ಕೆ ಅಂಗಡಿ ಯಾಕೆ? ಬಾಗಿಲು ಹಾಕು, ಮನೇಲಿ ಆರಾಮಾಗಿರು,” ಎಂದ ಮಗ.

“ನೊಣಕ್ಕೂ ಒಂದು ಕಟ್ಟು ಹಾಕ್ತೀನಿ, ನೀನು ಸುಮ್ನಿರೋ.”

ಅವನ ಮುಂದೆ ಹಾಗೆ ಹಾರಾಡಿದಳು. ಅವನು ಹೋದ ಮೇಲೆ ನನ್ನ ಪಕ್ಕ ಕುಳಿತು ಕೇಳಿದಳು: “ಲೇ, ಕಟ್ಟು ಹಾಕೋದು ಬಿಟ್ರೆ ನಾನು ಯಾರೇ?”

ನಾನು ಕೌಂಟರಿನ ಮೇಲಿನ ಮರದ ಹುಡಿ ಒರೆಸತೊಡಗಿದೆ.

ದಾರಿ ತೋರಿಸಿದವಳು ಸೊಸೆ. ಒಂದು ಮಧ್ಯಾಹ್ನ ಅವಳು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡುತ್ತಿದ್ದಾಗ ಕಟ್ಟಕ್ಕ ಬಗ್ಗಿ ನೋಡಿದಳು.

“ಇದೇನೇ, ಮೇಲೂ ಕೆಳಗೂ ಕಪ್ಪು ಪಟ್ಟಿ?”

“ಅಡ್ಡ ಹಿಡಿದು ತೆಗೆದಿದ್ದಾರೆ ಅತ್ತೆ. ಉದ್ದ ಪರದೆಗೆ ಸಾಲಲ್ಲ.”

“ಸಾಲದಿದ್ರೆ ಹೀಗೆ ಬೋಳಾಗಿ ಬಿಡೋದಾ? ತಲೆ ಬಾಚದೆ ಬೀದಿಗೆ ಬಂದ ಹಾಗಿದೆ. ಇದಕ್ಕೊಂದು ಕಟ್ಟು ಹಾಕೋಕಾಗಲ್ವಾ?”

ಆಗುತ್ತಿತ್ತು. ಸೊಸೆ ಕಲಿಸಿದಳು. ಕಟ್ಟಕ್ಕ ಅಂಗಡಿಯಲ್ಲಿದ್ದ ಪಟ್ಟಿಗಳದ್ದೇ ಫೋಟೋ ತೆಗೆದು, ಬಳ್ಳಿ ಕೆತ್ತಿದ್ದು, ಚಿನ್ನದ ಗೆರೆಯದ್ದು, ಹಳೇ ತೇಗದ್ದು, ಒಂದೊಂದನ್ನೂ ಪರದೆಯ ಮೇಲೆ ಮೂಲೆಗೆ ಮೂಲೆ ಕೂಡಿಸಿದಳು. ಮೊದಲ ಗಿರಾಕಿ ಎದುರಂಗಡಿಯ ಟೈಲರ್.

ಈ ಟೈಲರ್ ಹುಟ್ಟಿನಿಂದ ಕಿವಿ ಕೇಳದವಳು. ಹೊಲಿಗೆ ಕಲಿಸುವ ವಿಡಿಯೋ ಮಾಡಿ ಹಾಕುತ್ತಿದ್ದಳು. ಪಾಠವೆಲ್ಲ ಕೈಸನ್ನೆಯಲ್ಲಿ, ನೋಡುವವರೂ ಅವಳಂಥವರೇ. ಅವಳ ವಿಡಿಯೋಗೆ ಕಟ್ಟಕ್ಕ ಬಳ್ಳಿಯ ಕಟ್ಟು ಹಾಕಿಕೊಟ್ಟಳು. ಕಣ್ಣಿಗೆ ಹಬ್ಬ.

ಮರುದಿನ ಟೈಲರ್ ಬಿರುಗಾಳಿಯಂತೆ ಬಂದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕೌಂಟರಿನ ಗಾಜಿನ ಮೇಲೆ ಬರೆದಳು: ‘ನನ್ನ ಮಾತು ಎಲ್ಲಿ?’

ಮೊಬೈಲು ತೋರಿಸಿದಳು. ತೋಳು ಅಗಲವಾದಾಗಲೆಲ್ಲ ಅವಳ ಬೆರಳುಗಳು ಬಳ್ಳಿಯ ಅಡಿಗೆ ಹೋಗಿ ಮಾಯವಾಗುತ್ತಿದ್ದವು. ಅಪ್ಪ ಹೇಳಿಕೊಟ್ಟಂತೆ ಕಟ್ಟಕ್ಕ ಕಟ್ಟಿನ ಅಂಚು ಚಿತ್ರವನ್ನು ಸುತ್ತಲೂ ಕಚ್ಚುವ ಹಾಗೆ ಕೂರಿಸಿದ್ದಳು. ‘ಅರ್ಧ ಮಾತು ನುಂಗಿದ್ದೀಯಲ್ಲ’ ಎಂದು ನೋಡಿದವರೆಲ್ಲ ಟೈಲರ್‌ಗೆ ಬರೆದಿದ್ದರು.

ಸೊಸೆ ನಗು ತಡೆಯಲಾರದೆ ಕೇಳಿದಳು, “ಅತ್ತೆ, ಮೊಬೈಲೊಳಗಿನ ಚಿತ್ರ ಕಚ್ಚಿ ಹಿಡೀದಿದ್ರೆ ಎಲ್ಲಿಗೆ ಬೀಳುತ್ತೆ?”

ಕಟ್ಟಕ್ಕ ನಗಲಿಲ್ಲ. ವಿಡಿಯೋವನ್ನು ಕುಗ್ಗಿಸಿ ಕಟ್ಟಿನೊಳಗೆ ಇಡಿಯಾಗಿ ಕೂರಿಸಿದಳು. ಕೈ ಪೂರ್ತಿ ಬಂತು, ಆದರೆ ಬೆರಳುಗಳು ಸೂಜಿಯಷ್ಟಾದವು. ಟೈಲರ್ ನೋಡಿ ಬರೆದಳು: ‘ಈಗ ಪಿಸುಗುಟ್ಟುತ್ತಿದ್ದೇನೆ.’ ಅದರ ಕೆಳಗೇ, ದಪ್ಪಕ್ಷರದಲ್ಲಿ: ‘ಕಟ್ಟು ಬೇಡ.’

ಕಟ್ಟಕ್ಕನ ಮುಖ ಸುಟ್ಟ ಬದನೆಕಾಯಿಯಾಯಿತು. ಮರದ ಕಟ್ಟು ಯಾರಿಗೂ ಬೇಡವಾಗಿತ್ತು. ಈಗ ಇದೂ ಬೇಡ. “ಇನ್ನೊಂದೇ ಒಂದ್ಸಲ ನೋಡೋಣ,” ಎಂದು ಬೆರಳೆತ್ತಿ ಬೇಡಿಕೊಂಡಳು. ಟೈಲರ್ ಒಪ್ಪಲಿಲ್ಲ. ಕೌಂಟರಿನ ಆಚೆ ನಿಂತು ಎರಡೂ ಕೈಯಲ್ಲಿ ಬೈಯತೊಡಗಿದಳು. ಭಾಷೆ ಬಾರದ ನನಗೂ ಬೈಗುಳ ಪೂರ್ತಿ ಅರ್ಥವಾಯಿತು. ಅವಳ ಮುಖದ ಮುಂದೆ ತಂತಿಯಲ್ಲಿ ಒಂದು ಖಾಲಿ ಕಟ್ಟು ತೂಗಾಡುತ್ತಿತ್ತು. ಸಿಟ್ಟು ನೆತ್ತಿಗೇರಿ ಅವಳು ಚಾಚಿದ ಕೈ ಆ ಕಟ್ಟಿನೊಳಗಿಂದ ತೂರಿ ನೇರ ಕಟ್ಟಕ್ಕನ ಮೂಗಿನ ತುದಿಗೆ ಬಂತು.

“ಅಲ್ಲಾಡಬೇಡ! ಹಾಗೇ ಇರು!” ಕಟ್ಟಕ್ಕ ಕಿರುಚಿದಳು.

“ಯಾರಿಗೆ ಕೂಗ್ತಿದ್ದೀಯೇ, ಕೇಳ್ಸುತ್ತಾ ಅವಳಿಗೆ?” ಎಂದೆ.

ಅವಳು ಟೈಲರ್‌ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. “ಲೇ, ನೋಡೇ ಇಲ್ಲಿ. ಅವಳು ಕಟ್ಟಿನ ಹಿಂದೆ, ಕೈ ಕಟ್ಟಿನ ಮುಂದೆ! ಮರದಲ್ಲಿ ನಮ್ಮಪ್ಪನಿಗೂ ಇದು ಆಗ್ತಿರ್ಲಿಲ್ಲ. ಮೊಬೈಲಲ್ಲಿ ಆಗುತ್ತೆ!”

ಆ ವಾರವೆಲ್ಲ ಅಂಗಡಿಯಲ್ಲಿ ಅದೇ ಕೆಲಸ. ಗೋಡೆಗೆ ಒಂದೇ ಬಣ್ಣದ ಬಟ್ಟೆ ಹೊಡೆದು ಅದರ ಮುಂದೆ ಟೈಲರ್‌ನನ್ನು ನಿಲ್ಲಿಸಿದರು. ಗೋಡೆಯಿಂದ ಮನುಷ್ಯರನ್ನು ಬಿಡಿಸಿ ತೆಗೆಯುವ ಉಪಾಯ ಮೊಬೈಲಿನಲ್ಲೇ ಇತ್ತು, ಸೊಸೆ ಹುಡುಕಿಕೊಟ್ಟಳು. ಗೋಡೆ ಹಿಂದೆ, ಅದರ ಮೇಲೆ ಕಟ್ಟು, ಕಟ್ಟಿನ ಮುಂದೆ ಟೈಲರ್. ಯಂತ್ರ ಅಲ್ಲಲ್ಲಿ ಉಗುರು ತಿನ್ನುತ್ತಿತ್ತು, ಕಿರುಬೆರಳು ಮರೆಯುತ್ತಿತ್ತು. ಕಟ್ಟಕ್ಕ ಕನ್ನಡಕ ಏರಿಸಿ, ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿಕೊಂಡು, ಬೆರಳ ತುದಿಯಿಂದ ಅಂಚು ತಿದ್ದುತ್ತಿದ್ದಳು. ಊಟಕ್ಕೆ ಕರೆದರೆ, “ತಡಿಯೇ, ಅವಳ ಹೆಬ್ಬೆರಳು ಇನ್ನೂ ಸಿಕ್ಕಿಲ್ಲ,” ಎನ್ನುತ್ತಿದ್ದಳು.

ಮುಗಿದ ವಿಡಿಯೋದಲ್ಲಿ ಬಳ್ಳಿಯ ಕಟ್ಟು ಹಾಗೇ ಇತ್ತು. ಟೈಲರ್ ‘ಅಗಲ’ ಎಂದು ತೋಳು ಬಿಚ್ಚಿದಾಗ ಅವಳ ಕೈಗಳು ಬಳ್ಳಿಯನ್ನು ದಾಟಿ ಈಚೆ ಬಂದವು, ನಮ್ಮ ಮಡಿಲಿಗೇ ಬಂದಂತೆ. ಟೈಲರ್ ಅದನ್ನು ನೋಡಿ ನಕ್ಕಳು. ಅವಳ ನಗುವಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಬೀದಿಯವರು ತಿರುಗಿ ನೋಡಿದರು.

ಆಮೇಲೆ ಕಟ್ಟಕ್ಕನಿಗೆ ಪುರುಸೊತ್ತೇ ಇರಲಿಲ್ಲ. ಕೈಸನ್ನೆಯಲ್ಲಿ ಮಕ್ಕಳಿಗೆ ಕಥೆ ಹೇಳುವ ಮೇಷ್ಟ್ರು, ಗಿಡ ಬೆಳೆಸುವುದನ್ನು ಕಲಿಸುವ ಅಜ್ಜಿ, ಜಗಳವನ್ನೇ ಹಾಸ್ಯ ಮಾಡಿ ತೋರಿಸುವ ಗಂಡ ಹೆಂಡತಿ, ಎಲ್ಲರಿಗೂ ಅವಳದೇ ಕಟ್ಟು ಬೇಕು. “ಊಟಕ್ಕಾದ್ರೂ ಬಾಗಿಲು ಹಾಕಮ್ಮಾ,” ಎಂದು ಅದೇ ಮಗ ಗೋಗರೆಯುತ್ತಿದ್ದ.

ಟೈಲರ್ ಅವಳಿಗೊಂದು ಹೆಸರನ್ನೂ ಕೊಟ್ಟಳು. ತಮ್ಮವರು ಎನಿಸಿದವರಿಗೆ ಕಿವಿ ಕೇಳದವರು ಸನ್ನೆಯಲ್ಲೇ ಒಂದು ಹೆಸರಿಡುತ್ತಾರೆ. ನಮಗೆ ನಾವೇ ಇಟ್ಟುಕೊಳ್ಳುವಂತಿಲ್ಲ, ಅವರೇ ಕೊಡಬೇಕು. ಕಟ್ಟಕ್ಕನ ಹೆಸರು ಹೀಗೆ: ಎಡಗೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಕಟ್ಟು. ಅದರೊಳಗಿಂದ ಬಲಗೈ ಬೆರಳುಗಳು ತೂರಿ ಬಂದು ಅರಳುತ್ತವೆ. ಅಂದು ಸಂಜೆ ಕಟ್ಟಕ್ಕ ನಮ್ಮ ಮನೆ ಬಾಗಿಲಲ್ಲಿ ನಿಂತು ಅದನ್ನು ಮತ್ತೆ ಮತ್ತೆ ಮಾಡಿ ತೋರಿಸಿದಳು. “ಲೇ, ನಾನು ಯಾರು ಅಂತ ಕೇಳಿದ್ನಲ್ಲ? ನೋಡ್ಕೋ.”

ಹೋದ ತಿಂಗಳು ಎದೆನೋವೆಂದು ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಕಳಿಸಿಕೊಡುವ ದಿನ ಬೀದಿ ತುಂಬ ಜನ. ನಮಗೆ ಪರಿಚಯವೇ ಇಲ್ಲದವರು, ಎಲ್ಲೆಲ್ಲಿಂದಲೋ ಬಂದವರು. ಮಾತು ಬರುವ ನಾವು ಏನು ಹೇಳುವುದೆಂದು ತಿಳಿಯದೆ ನಿಂತಿದ್ದೆವು. ಟೈಲರ್ ಅಂಗಡಿಯ ಮೆಟ್ಟಿಲೇರಿ ಎರಡೂ ಕೈ ಎತ್ತಿದಳು. ಬೀದಿಯುದ್ದಕ್ಕೂ ಕೈಗಳೆದ್ದವು. ಅಷ್ಟೂ ಎಡಗೈಗಳಲ್ಲಿ ಕಟ್ಟು, ಅಷ್ಟೂ ಕಟ್ಟುಗಳಿಂದ ಹೊರಗೆ ಅರಳಿದ ಬೆರಳು. ಇಡೀ ಬೀದಿ ಅವಳ ಹೆಸರು ಕೂಗುತ್ತಿತ್ತು.

ನಾನೂ ಕೈ ಎತ್ತಿದೆ. ನನ್ನ ಕಟ್ಟು ಸೊಟ್ಟಗಿತ್ತು. ‘ಲೇ, ಮೂಲೆ ಸರಿಯಾಗಿ ಕೂಡಿಸೇ’ ಎನ್ನುತ್ತಿದ್ದಳು ಅವಳಿದ್ದಿದ್ದರೆ. ಕೂಡಿಸಿಕೊಂಡು, ಮತ್ತೊಮ್ಮೆ ಕೂಗಿದೆ.