ಅಂಗಡಿಯವನ ಪೆಟ್ಟಿಗೆಗೆ ಬಿದ್ದ ಕರೆ

ಗುಬ್ಬಿಯ ಅಂಚೆ ಕಚೇರಿಯಲ್ಲಿದ್ದಷ್ಟು ಕಾಲವೂ ಬೆಳಿಗ್ಗೆ ಚೀಲ ಬಿಚ್ಚಿ, ಕಾಗದಗಳನ್ನೆಲ್ಲ ಬೀದಿವಾರು ವಿಂಗಡಿಸಿದ ಮೇಲೆಯೇ ನಾನು ಕಾಫಿ ಕುಡಿಯುತ್ತಿದ್ದದ್ದು. ಒಬ್ಬರ ಕಾಗದ ಇನ್ನೊಬ್ಬರ ಕೈಸೇರಿದರೆ ಲಿಖಿತ ವಿವರಣೆ ಕೊಡಬೇಕಿತ್ತು. ಅದಕ್ಕೇ ಇರಬೇಕು, ಹೋದ ತಿಂಗಳು ಕಂಡದ್ದು ನನಗಿನ್ನೂ ಅರಗಿಲ್ಲ.

ಕುಣಿಗಲ್ಲಿನಲ್ಲಿರುವ ನನ್ನ ತಂಗಿಯ ಮಗಳು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನದ ಕರೆ ಇ-ಮೇಲ್‌ಗೆ ಬರುತ್ತದೆ ಎಂದಿದ್ದರು. ಮೂರು ವಾರವಾದರೂ ಬರಲಿಲ್ಲ. ಯಾವ ವಿಳಾಸ ಕೊಟ್ಟಿದ್ದೀಯ ಎಂದು ಫೋನಿನಲ್ಲಿ ಕೇಳಿದೆ.

"ಅರ್ಜಿ ತುಂಬ್ದೋರು ಕಂಪ್ಯೂಟರ್ ಅಂಗ್ಡಿಯವ್ರು ಮಾವ. ಅವ್ರೇ ಯಾವ್ದೋ ಹಾಕಿದ್ರು."

ಮರುದಿನ ಸದಾಶಿವನಗರದ ಮನೆಯಿಂದ ಹೊರಟು, ಬಸ್ಸು ಹಿಡಿದು ಕುಣಿಗಲ್ಲಿಗೆ ಹೋದೆ. ಅವಳನ್ನು ಕರೆದುಕೊಂಡು ನೇರ ಅಂಗಡಿಗೆ.

"ಎಲ್ಲಾರ್ಗೂ ನಮ್ದೇ ಮೇಲ್ ಐಡಿ ಹಾಕ್ತೀವಿ ಸಾರ್," ಎಂದ ಅಂಗಡಿಯವನು. "ಒಬ್ಬೊಬ್ರಿಗೆ ಒಂದೊಂದು ಮಾಡ್ಕೊಟ್ರೆ ಪಾಸ್‌ವರ್ಡ್ ಮರ್ತು ನಮ್ ತಲೆ ತಿಂತಾರೆ."

"ಬಂದಿದ್ದನ್ನ ಓದೋರು ಯಾರಪ್ಪ?"

"ಕೇಳ್ಕೊಂಡ್ ಬಂದ್ರೆ ಹುಡುಕ್ತೀವಿ. ಬಂದಿದೀರಲ್ಲ, ಹುಡುಕಣ ಬುಡಿ."

ಇ-ಮೇಲ್ ಎಂದರೆ ಮಾಯಾಜಾಲವೇನಲ್ಲ. ಎಲ್ಲೋ ಇರುವ ಕಂಪ್ಯೂಟರಿನಲ್ಲಿ ವಿಳಾಸಕ್ಕೊಂದು ಪೆಟ್ಟಿಗೆ. ಪಾಸ್‌ವರ್ಡೇ ಅದರ ಬೀಗದ ಕೈ. ಕಳಿಸಿದ ಪತ್ರ ಕ್ಷಣದಲ್ಲಿ ಅಲ್ಲಿಗೆ ಬಿದ್ದು ಸುಮ್ಮನೆ ಕಾಯುತ್ತದೆ. ಪೋಸ್ಟ್‌ಮ್ಯಾನ್ ಬಂದು ಬಾಗಿಲು ತಟ್ಟುವುದಿಲ್ಲ. ಈ ಮನುಷ್ಯ ಅರ್ಧ ಊರಿನ ಕಾಗದವನ್ನು ತನ್ನೊಂದು ಪೆಟ್ಟಿಗೆಗೆ ತುಂಬಿಕೊಂಡು, ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಕೂತಿದ್ದ. ಪರದೆಯ ತುಂಬ ಯಾರೂ ತೆರೆಯದ ಪತ್ರಗಳು. ಅವುಗಳ ಮಧ್ಯೆ ಇವಳದೂ ಸಿಕ್ಕಿತು. ಸಂದರ್ಶನ ಸೋಮವಾರವೇ ಮುಗಿದಿತ್ತು. ಅಂದು ಗುರುವಾರ.

ಅವಳು ಅಲ್ಲೇ ಬೆಂಚಿನ ಮೇಲೆ ಕೂತು, ತನ್ನ ಫೋನಿನಲ್ಲಿ ತನ್ನದೇ ಹೆಸರಿನ ವಿಳಾಸ ಮಾಡಿಕೊಂಡು, ಇನ್ನೊಂದು ದಿನ ಕೊಡಿ ಎಂದು ಕಾರ್ಖಾನೆಗೆ ಬರೆದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಕರೆಯನ್ನು ಸಕಾಲದಲ್ಲಿ ತಲುಪಿಸಲಾಗಿದೆ, ಹುದ್ದೆ ಭರ್ತಿಯಾಗಿದೆ. ಅವರದು ತಪ್ಪೆನ್ನಲು ಬರುವಂತಿರಲಿಲ್ಲ.

"ಇದಕ್ಕೆ ನಿನ್ನ ವಿವರಣೆ ಏನು?" ಎಂದು ಅಂಗಡಿಯವನನ್ನು ಕೇಳಿದೆ.

"ನಾವು ಅರ್ಜಿ ಹಾಕೋರು ಅಷ್ಟೆ ಸಾರ್. ಕೆಲ್ಸ ಕೊಡ್ಸೋರಲ್ಲ," ಎಂದವನೇ ಮುಂದಿನವರ ಅರ್ಜಿ ಎಳೆದುಕೊಂಡ. ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಮೇಲ್ ವಿಳಾಸದ ಜಾಗದಲ್ಲಿ ಅವನ ಬೆರಳು ತಾನಾಗಿಯೇ ಅದೇ ವಿಳಾಸ ಹೊಡೆಯತೊಡಗಿತು.

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿಯ ಮಗಳು ಬೆಂಚಿನಿಂದೆದ್ದಳು. "ಅಕ್ಕಾ, ಅದು ಇವರ್ ಮೇಲ್ ಐಡಿ, ನಿಮ್ದಲ್ಲ. ಅಳ್ಸೋಕ್ ಹೇಳಿ. ನಿಮ್ದೇ ಒಂದು ಮಾಡ್ಕೊಡ್ತೀನಿ, ನಿಮ್ ಫೋನ್ ಕೊಡಿ ಇಲ್ಲಿ."

"ನನ್ ಗಿರಾಕೀನ ಕೆಡಿಸ್ಬೇಡಮ್ಮ," ಎಂದ ಅವನು.

ಆಕೆ ಮಗುವನ್ನು ನನ್ನ ಕೈಗಿತ್ತು, ಸೆರಗಿನಿಂದ ಫೋನು ಒರೆಸಿ ಕೊಟ್ಟಳು.