ಹಸಿರು ಬಳಿದ ಹನ್ನೆರಡು ಬ್ಯಾರನ್‌ಗಳು

ಪಿರಿಯಾಪಟ್ಟಣದ ಸುತ್ತ ಹೊಗೆಸೊಪ್ಪು ಬೆಳೆಯುವವರಲ್ಲಿ ಕಾಂತರಾಜುವಿನ ಮೂಗಿನ ಬಗ್ಗೆ ಕೇಳದವರು ಕಡಿಮೆ. ಸೊಪ್ಪು ಬೇಯಿಸುವ ಎತ್ತರದ ಮನೆಗೆ, ಅಂದರೆ ಬ್ಯಾರನ್ನಿಗೆ, ಹತ್ತು ಮಾರು ದೂರದಲ್ಲೇ ಮೊಪೆಡ್ ನಿಲ್ಲಿಸಿ, ಮೂಗು ಅರಳಿಸಿ, "ಇನ್ನೂ ಹಳದಿ ತಿರುಗಿಲ್ಲ, ಉರಿ ಜಾಸ್ತಿ ಮಾಡಿದ್ದೀರಿ" ಎಂದುಬಿಡುತ್ತಿದ್ದ. ಒಳಗೆ ಹೋಗಿ ನೋಡಿದರೆ ಹಾಗೆಯೇ ಇರುತ್ತಿತ್ತು. ಹದಿನೈದನೇ ವಯಸ್ಸಿಗೆ ಬೇರೆಯವರ ಬ್ಯಾರನ್ನಿಗೆ ಬೆಂಕಿ ಹಾಕುವ ಕೂಲಿಗೆ ಸೇರಿದವನು, ಈಗ ಐವತ್ತೆರಡು. ಬಲ ಮುಂಗೈ ಮೇಲಿನ ಸುಟ್ಟ ಕಲೆಯನ್ನು ಅವನು ಯಾರಿಗೂ ಮುಚ್ಚಿಡುತ್ತಿರಲಿಲ್ಲ, ತನ್ನ ಓದು ಅದೇ ಎನ್ನುವ ಹಾಗೆ ತೋರಿಸುತ್ತಿದ್ದ.

ಆರು ವರ್ಷದ ಹಿಂದೆ ಬೆಳೆಗಾರರೆಲ್ಲ ಸೇರಿ ಬ್ಯಾರನ್ ರಕ್ಷಾ ಸಂಘ ಕಟ್ಟಿದರು. ವರ್ಷಕ್ಕಿಷ್ಟು ಎಂದು ಎಲ್ಲರೂ ಕಟ್ಟುವುದು, ಯಾರದಾದರೂ ಬ್ಯಾರನ್ ಸುಟ್ಟರೆ ಮತ್ತೆ ಕಟ್ಟಿಕೊಳ್ಳಲು ಸಂಘ ಕೊಡುವುದು. ಇನ್ನೂರ ನಲವತ್ತು ಬ್ಯಾರನ್‌ಗಳ ತಪಾಸಣೆಗೆ ಕಾಂತರಾಜು ಒಬ್ಬನೇ ಆಳು. ಎಲ್ಲವನ್ನೂ ಎಲ್ಲ ದಿನ ನೋಡಲು ಅವನೇನು ಗಾಳಿಯೇ? ಹಾಗಾಗಿ ಒಂದು ಉಪಾಯ ಹೂಡಿದ. ಬಾಗಿಲ ಚೌಕಟ್ಟಿಗೆ ಬಣ್ಣ ಬಳಿದ. ಕೆಂಪು ಬಳಿದಲ್ಲಿಗೆ ವಾರಕ್ಕೊಮ್ಮೆ, ಹಳದಿಗೆ ತಿಂಗಳಿಗೊಮ್ಮೆ, ಹಸಿರಿಗೆ ವರ್ಷಕ್ಕೊಮ್ಮೆ. ಅವನು ಮುಖ್ಯವಾಗಿ ನೋಡುತ್ತಿದ್ದದ್ದು ಒಳಗಿನ ತಂತಿಬಲೆ. ಒಲೆಯ ಬಿಸಿ ಹಾಯುವ ಕಬ್ಬಿಣದ ಕೊಳವೆ ನೆಲದುದ್ದಕ್ಕೂ ಕಾದಿರುತ್ತದೆ. ಮೇಲೆ ಕಡ್ಡಿಗೆ ಕಟ್ಟಿದ ಒಣ ಎಲೆಯೊಂದು ಕಳಚಿ ಅದರ ಮೇಲೆ ಬಿದ್ದರೆ ಸಾಕು, ಬ್ಯಾರನ್ ಹೋಯಿತು. ಬಲೆ ಇದ್ದರೆ ಎಲೆ ಅಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದ ಕಾಂತರಾಜುವಿನ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡಿತ್ತು. ಸಂಘದ ಹನ್ನೊಂದು ಮಂದಿ ನಿರ್ದೇಶಕರ ಬ್ಯಾರನ್‌ಗಳ ಒಳಗೆ ಅವನು ಕಾಲಿಟ್ಟು ನಾಲ್ಕು ವರ್ಷವಾಗಿತ್ತು. ಎರಡನೇ ವರ್ಷ ಒಬ್ಬ ನಿರ್ದೇಶಕರ ಚೌಕಟ್ಟಿಗೆ ಹಳದಿ ಬಳಿದು ದೊಡ್ಡ ರಾದ್ಧಾಂತವಾಗಿತ್ತು. ಆಗ ಅಧ್ಯಕ್ಷ ವೀರಭದ್ರಸ್ವಾಮಿಯವರು ಬೈಯಲಿಲ್ಲ, ಅದೇ ತೊಂದರೆಯಾದದ್ದು. ಮನೆಗೆ ಕರೆದು, ಎಲೆ ಹಾಕಿಸಿ ಊಟ ಬಡಿಸಿ, "ನಮ್ಮನ್ನೇ ಅನುಮಾನದಿಂದ ನೋಡಿದ್ರೆ ಜನ ಯಾರ್‌ನ ನಂಬ್ತಾರೆ ಕಣಯ್ಯ?" ಎಂದಿದ್ದರು. ಉಂಡ ಮನೆಯ ಹಿತ್ತಲಲ್ಲಿ ತಪ್ಪು ಹುಡುಕುವುದು ಯಾರಿಗಾದರೂ ಕಷ್ಟ. ಆಮೇಲೆ ಹನ್ನೊಂದೂ ಚೌಕಟ್ಟಿಗೆ ಹಸಿರು ಬಿತ್ತು, ಹನ್ನೊಂದು ಮನೆಯಲ್ಲೂ ಜಗಲಿಯ ಮೇಲೆ ಕಾಫಿ ಕುಡಿದು ಎದ್ದು ಬರುವುದೇ ತಪಾಸಣೆಯಾಯಿತು. ಪುಸ್ತಕದಲ್ಲಿ ಮಾತ್ರ 'ನೋಡಲಾಗಿದೆ, ಸರಿಯಿದೆ'.

ಹೀಗೆ ತಪಾಸಣೆಯಾಗದ ಹನ್ನೆರಡನೆಯದು ಅವನದೇ ಬ್ಯಾರನ್. ಅದು ಅವನೊಬ್ಬನಿಗೇ ಗೊತ್ತಿದ್ದ ವಿಷಯ. ಮೊದಲ ವರ್ಷ ಊರಿಗೆಲ್ಲ ಮಾದರಿಯಾಗಲಿ ಎಂದು ತಾನೇ ಹಸಿರು ಬಳಿದಿದ್ದ. ಸೊಪ್ಪು ಬೇಯುವ ಕಾಲದಲ್ಲಿ ಊರೆಲ್ಲ ಅಲೆಯುವುದೇ ಆಗಿ, ಮನೆಯ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುವವಳು ಹೆಂಡತಿ ಸುನಂದಮ್ಮ. ಬಲೆ ತುಕ್ಕು ಹಿಡಿದು ಉದುರುತ್ತಿದ್ದದ್ದು ಅವನ ಕಣ್ಣಿಗೂ ಬಿದ್ದಿತ್ತು. ಮುಂದಿನ ಸಲ ಹಾಕಿದರಾಯಿತು ಅಂದುಕೊಂಡಿದ್ದ. ಹೀಗೆ ಅಂದುಕೊಂಡು ಎರಡು ವರ್ಷವಾಯಿತು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಮುಂಚೆ ತಿಳಿಸದೆ, ಇಂಥ ಸಂಘಗಳ ಮೇಲ್ವಿಚಾರಣೆ ಮಾಡುವ ಮೈಸೂರಿನ ಕಚೇರಿಯಿಂದ ರಮ್ಯಶ್ರೀ ಎಂಬ ಅಧಿಕಾರಿ ಸಂಘದ ಕಟ್ಟಡಕ್ಕೆ ಬಂದಿಳಿದರು. ಹಿಂದೆ ಬರುತ್ತಿದ್ದವರು ವರ್ಷಕ್ಕೊಮ್ಮೆ ಬಂದು, ಇದ್ದಬದ್ದ ರಸೀದಿಗೆಲ್ಲ ಗೀಟು ಎಳೆದು, ಊಟ ಮುಗಿಸಿ ಹೋಗುತ್ತಿದ್ದರು. ಈಕೆ ರಸೀದಿ ಕಟ್ಟುಗಳನ್ನು ಮುಟ್ಟಲೇ ಇಲ್ಲ.

"ನಮ್ಮ ಪದ್ಧತಿ ಈಗ ಬದಲಾಗಿದೆ. ಎಲ್ಲ ಸಂಘನೂ ಒಂದೇ ಥರ ನೋಡಲ್ಲ. ಅಪಾಯ ಎಲ್ಲಿ ಹೆಚ್ಚೋ ಅಲ್ಲಿಗೆ ಪದೇ ಪದೇ ಬರ್ತೀವಿ. ಹೇಳಿ, ನಿಮ್ಮ ಸಂಘ ಮುಳುಗೋದಾದ್ರೆ ಯಾವುದರಿಂದ ಮುಳುಗುತ್ತೆ?"

ಇಂಥ ಪ್ರಶ್ನೆಯನ್ನು ಆ ಕಟ್ಟಡದಲ್ಲಿ ಯಾರೂ ಕೇಳಿದ್ದಿಲ್ಲ. ವೀರಭದ್ರಸ್ವಾಮಿಯವರು ಕನ್ನಡಕ ಒರೆಸಿಕೊಂಡರು. ಕಾಂತರಾಜು ಬಣ್ಣದ ವಿಚಾರ ವಿವರಿಸಿದ.

"ನಾವು ಈಗ ಕಲೀತಿರೋದನ್ನ ನೀವು ಆರು ವರ್ಷದಿಂದ ಮಾಡ್ತಿದ್ದೀರಲ್ಲ!" ಎಂದು ರಮ್ಯಶ್ರೀ ನಕ್ಕರು.

ಅವನು ಹಿಗ್ಗಿಹೋದ. ಆ ಹಿಗ್ಗು ಎರಡು ನಿಮಿಷ ಉಳಿಯಿತು. ಆಕೆ ತಪಾಸಣೆ ಪುಸ್ತಕ ತೆರೆದು ಹಸಿರಿನವರ ಪುಟದ ಮೇಲೆ ಬೆರಳಿಟ್ಟರು.

"ಜೂನ್ ಹದಿನಾಲ್ಕು. ಒಂದೇ ದಿನ ಹನ್ನೊಂದು ಊರು, ಹನ್ನೊಂದು ಬ್ಯಾರನ್. ಎಲ್ಲ ಕಡೆನೂ ಒಂದೇ ಮಾತು, ಒಂದೇ ಪೆನ್ನು. ಇವರೆಲ್ಲ ಯಾರು?"

"ನಮ್ಮ ನಿರ್ದೇಶಕರು," ಎಂದರು ಅಧ್ಯಕ್ಷರು. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಹಾಗಾದ್ರೆ ನಿಮ್ಮದನ್ನೇ ನೋಡೋಣ ಬನ್ನಿ."

ಜೀಪಿನಲ್ಲಿ ಕೂತ ಕಾಂತರಾಜು ಒಳಗೊಳಗೇ ಅಳೆದು ಸುರಿದ. ಸಂಘಕ್ಕೆ ಕೆಟ್ಟ ಗುರುತು ಬಿದ್ದರೆ ಇನ್ನೂರ ನಲವತ್ತು ಮನೆಯವರು ಬೆಂಕಿ ಉರಿಯುವ ಕಾಲದಲ್ಲೇ ರಕ್ಷೆಯಿಲ್ಲದೆ ನಿಲ್ಲಬೇಕಾದೀತು. ಸುಳ್ಳು ಬರೆದವನು ತಾನು ಎಂದು ತಿಳಿದರೆ ಕೆಲಸವೂ ಹೋಯಿತು, ಊರಲ್ಲಿ ಮುಖವೂ ಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ದಾಟಿಹೋಗಬಹುದೇನೋ. ಹೇಡಿಯ ಲೆಕ್ಕಾಚಾರ, ಆದರೆ ಮಾಡಿದ.

ಅಧ್ಯಕ್ಷರ ಬ್ಯಾರನ್ ತೋಟದ ಅಂಚಿನಲ್ಲಿತ್ತು. ಒಲೆಯ ಮುಂದೆ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯಿಂದ ಕೂಲಿಗೆ ಬಂದಿದ್ದ ಮುತ್ತಿ ಕೂತಿದ್ದಳು. ಅವಳ ಗಂಡ ಬೆಳ್ಳ ರಾತ್ರಿಯೆಲ್ಲ ಬೆಂಕಿ ನೋಡಿಕೊಂಡು, ಬ್ಯಾರನ್ನಿನ ಗೋಡೆಗೆ ಒತ್ತಿಕಟ್ಟಿದ್ದ ಗುಡಿಸಲಿನಲ್ಲಿ ಮಲಗಿದ್ದ.

"ಒಳಗೆ ಹೋಗಿ ಬಲೆ ನೋಡಿದ್ದು ಯಾವಾಗ?" ಎಂದು ರಮ್ಯಶ್ರೀ ಕಾಂತರಾಜುವನ್ನು ಕೇಳಿದರು.

ಉತ್ತರ ಕೊಟ್ಟವರು ಅಧ್ಯಕ್ಷರು. "ಜೂನ್‌ನಾಗೆ ಬಂದಿದ್ನಲ್ಲ. ಬಲೆ, ಕೊಳವೆ ಎಲ್ಲ ನೋಡ್ಕಂಡೋದ. ಅಲ್ವೇನೋ?"

ಅವರು ಆ ಸುಳ್ಳನ್ನು ಅವನನ್ನು ಉಳಿಸಲೆಂದೇ ಹೇಳಿದ್ದರು. ಕಾಂತರಾಜು ಹೂಂಗುಟ್ಟಲು ಬಾಯಿ ತೆರೆದ. ಅಷ್ಟರಲ್ಲಿ ಗಾಳಿ ಈ ಕಡೆ ತಿರುಗಿತು. ಬೆಂದ ಸೊಪ್ಪಿನ ಸಿಹಿ ವಾಸನೆಯ ಅಡಿಯಲ್ಲಿ ಸಣ್ಣಗೆ ಕರಕಲು ವಾಸನೆ. ಅವನ ಮೂಗು ಅವನಿಗೆ ಯಾವತ್ತೂ ಸುಳ್ಳು ಹೇಳಿದ್ದಿಲ್ಲ.

ಅವನು ಮುತ್ತಿಯ ಕಡೆ ತಿರುಗಿದ. "ಈ ವಾಸ್ನೆ ಯಾವಾಗಿಂದ?"

"ವೊತ್ತಾರೆಯಿಂದ್ಲೂ ಬತ್ತಾ ಅದೆ ಅಣ್ಣ," ಎಂದಳು ಮುತ್ತಿ. "ಧಣಿಗಳ್ಗೆ ಯೋಳ್ದೆ. ಏನೂ ಇಲ್ಲ, ಬೆಂಕಿ ಆಕು ಅಂದ್ರು."

ಕಾಂತರಾಜು ಬಾಗಿಲ ಪಕ್ಕದ ಪುಟ್ಟ ಗಾಜಿನ ಕಿಂಡಿಗೆ ಕಣ್ಣಿಟ್ಟ. ಮೂಲೆಯಲ್ಲಿ ಬಲೆಯೇ ಇರಲಿಲ್ಲ. ಕೊಳವೆಯ ಮೇಲೆ ಬಿದ್ದ ಎಲೆಗಳಲ್ಲಿ ಬೀಡಿ ತುದಿಯಷ್ಟಷ್ಟು ಕೆಂಡ, ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು. ಅದರಿಂದ ಒಂದು ಗೇಣು ಮೇಲೆ ಗರಿಗರಿ ಒಣಗಿದ ಸೊಪ್ಪು ಚಾವಣಿಯವರೆಗೂ ತೂಗುತ್ತಿತ್ತು. ಗೋಡೆಯ ಆಚೆ ಬೆಳ್ಳ ನಿದ್ದೆ ಮಾಡುತ್ತಿದ್ದ.

"ನಾನು ಬಂದಿಲ್ಲ ಮೇಡಂ!" ಅವನು ಕೂಗಿಯೇಬಿಟ್ಟ. "ನಾಕು ವರ್ಸದಿಂದ ಇದ್ರೊಳಗೆ ಕಾಲಿಟ್ಟಿಲ್ಲ. ಬರ್ದಿರೋದೆಲ್ಲ ಸುಳ್ಳು. ಮುತ್ತಿ, ಬೆಳ್ಳನ್ನ ಈಚೆಗೆ ಎಳ್ಕಾ! ಒಲೆ ಬೆಂಕಿ ನಾನು ಎಳೀತೀನಿ!"

ಮುತ್ತಿ ಗಂಡನ ಕಾಲು ಹಿಡಿದು ಚಾಪೆ ಸಮೇತ ಹೊರಗೆ ಎಳೆದಳು. ಕಾಂತರಾಜು ಉರಿಯುವ ಕೊರಡುಗಳನ್ನು ಸಲಾಕೆಯಿಂದ ಒಂದೊಂದಾಗಿ ಒಲೆಯಿಂದ ಎಳೆದು ಹಾಕಿದ. ರಮ್ಯಶ್ರೀ ಓಡಿಬಂದು ಬಾಗಿಲ ಚಿಲಕಕ್ಕೆ ಕೈ ಹಾಕಿದರು.

"ತೆಗೀಬೇಡಿ! ಗಾಳಿ ನುಗ್ಗುದ್ರೆ ಬಗ್ ಅಂತ ಹತ್ಕಂತದೆ!"

ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ ಒದ್ದೆ ಗೋಣಿ ತುರುಕಿದರು. ವೀರಭದ್ರಸ್ವಾಮಿಯವರು ಬಿಳಿ ಪಂಚೆ ಎತ್ತಿಕಟ್ಟಿ ಕೊಡದಲ್ಲಿ ನೀರು ಹೊತ್ತರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಕಂಡವರಿಲ್ಲ. ಆಮೇಲೆ ಕಾಯುವುದಷ್ಟೇ ಉಳಿಯಿತು. ಹೆಂಚಿನ ಸಂದಿಯಿಂದ ಬರುತ್ತಿದ್ದ ಹೊಗೆ ಕಪ್ಪಾಯಿತು, ದಪ್ಪಗಾಯಿತು. ಬೆಳ್ಳ ನಿದ್ದೆಗಣ್ಣಲ್ಲಿ ಎಲ್ಲರ ಮುಖ ನೋಡುತ್ತಾ ಕೂತಿದ್ದ. ಕಾಂತರಾಜು ಕಿಂಡಿ ಬಿಟ್ಟು ಕದಲಲಿಲ್ಲ. ಗಾಜಿನ ಬಿಸಿಗೆ ಹಣೆ ಚುರುಗುಟ್ಟುತ್ತಿತ್ತು.

ಒಂದೂವರೆ ಗಂಟೆಯ ಮೇಲೆ ಹೊಗೆ ತೆಳುವಾಯಿತು. ಕೆಂಡಗಳು ಒಂದೊಂದೇ ಕಣ್ಣು ಮುಚ್ಚಿದವು. ಕೆಳಗಿನ ಮೂರು ಸಾಲು ಕರಕಲಾಗಿತ್ತು. ಬ್ಯಾರನ್ ಉಳಿಯಿತು, ಬೆಳ್ಳನೂ ಉಳಿದ.

ರಮ್ಯಶ್ರೀ ಕೈ ತೊಳೆದುಕೊಂಡು ಜಗಲಿಯ ಮೇಲೆ ಕೂತು ಪುಸ್ತಕ ತೆರೆದರು.

"ಇಂಥವು ಇನ್ನೆಷ್ಟಿವೆ?"

"ಸಾಕು ಬುಡು ಕಾಂತರಾಜು," ಎಂದರು ವೀರಭದ್ರಸ್ವಾಮಿಯವರು. ಆಜ್ಞೆಯಾಗಿರಲಿಲ್ಲ ಅದು, ಬೇಡಿಕೊಂಡಂತಿತ್ತು.

ಕಾಂತರಾಜು ಬಿಡಲಿಲ್ಲ. ಉಳಿದ ಹತ್ತು ನಿರ್ದೇಶಕರ ಹೆಸರು, ಊರು, ಎಲ್ಲವನ್ನೂ ಹೇಳಿದ. ಎಲ್ಲ ಕಡೆಯೂ ಈಗ ಬೆಂಕಿ ಉರಿಯುತ್ತಿದೆ ಎಂದೂ ಹೇಳಿದ. ರಮ್ಯಶ್ರೀ ಆಗಲೇ ಫೋನ್ ಹಿಡಿದು ಹತ್ತೂ ಮನೆಗೆ ಸುದ್ದಿ ಮುಟ್ಟಿಸಿದರು.

"ಒಟ್ಟು ಹನ್ನೊಂದು," ಎಂದು ಆಕೆ ಬರೆದುಕೊಂಡರು. "ಸಂಘಕ್ಕೆ ಹೆಚ್ಚು ಅಪಾಯದ ಗುರುತು ಹಾಕ್ಲೇಬೇಕು. ಇವು ಸರಿಹೋಗೋವರೆಗೆ ಹೊಸಬರನ್ನ ಸೇರಿಸ್ಕೊಳ್ಳೋ ಹಾಗಿಲ್ಲ. ಇರೋರ ರಕ್ಷೆಗೆ ತೊಂದರೆ ಮಾಡಲ್ಲ." ಆಮೇಲೆ ದನಿ ತಗ್ಗಿಸಿದರು. "ದೊಡ್ಡವರಿಗೆ ಹೆದರಿ ಹಾಗೆ ಬರೆದಿದ್ದೀರಿ, ನೀವಾಗೇ ಒಪ್ಕೊಂಡಿದ್ದೀರಿ. ನಾನೂ ಹಾಗೇ ಬರೀತೀನಿ. ನಿಮ್ಮ ಕೆಲಸಕ್ಕೆ ಏನೂ ಆಗಲ್ಲ."

ಕಾಂತರಾಜುವಿಗೆ ಕಣ್ಣು ತುಂಬಿ ಬಂತು. ಕೆಲಸ ಉಳಿಯಿತು, ಮಾನವೂ ಅಷ್ಟೋ ಇಷ್ಟೋ ಉಳಿಯಿತು. ಎದ್ದು ಕೈ ಮುಗಿದರೆ ಮುಗಿಯಿತು. ಉಳಿದ ಒಂದರ ಸುದ್ದಿ ಆ ಜಗಲಿಯ ಮೇಲಿದ್ದ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ ಗುಟ್ಟಾಗಿ ಬಲೆ ಕಟ್ಟಿಬಿಡಬಹುದಿತ್ತು. ಸಂಜೆಗೆ ಇನ್ನೂ ಮೂರು ಗಂಟೆ ಇತ್ತು, ಅಲ್ಲಿಯವರೆಗೆ ಆ ಒಲೆಯ ಮುಂದೆ ಸುನಂದಮ್ಮ. ನಿನ್ನದೇ ಬ್ಯಾರನ್ನಿನಲ್ಲಿ ಯಾರಿಗೆ ಹೆದರಿದ್ದೆ ಎಂದು ಯಾರಾದರೂ ಕೇಳಿದರೆ ಅವನ ಬಳಿ ಒಂದು ಹೆಸರೂ ಇರಲಿಲ್ಲ.

"ಹನ್ನೆರಡು ಮೇಡಂ," ಎಂದ.

ರಮ್ಯಶ್ರೀ ತಲೆ ಎತ್ತಿದರು. "ಇನ್ನೊಂದು ಯಾರದು?"

"ನಂದು. ಅದಕ್ಕೆ ನನ್ನ ಯಾರೂ ಹೆದರ್ಸಿಲ್ಲ. ನಾನೇ ನೋಡ್ಲಿಲ್ಲ."

ಅವನು ಅವರ ಉತ್ತರಕ್ಕೆ ಕಾಯಲಿಲ್ಲ. ಜೇಬಿನಿಂದ ಫೋನ್ ತೆಗೆದ. ಎರಡು ಸಲ ತಪ್ಪು ಗುಂಡಿ ಒತ್ತಿ, ಮೂರನೇ ಸಲ ಸುನಂದಮ್ಮ ಸಿಕ್ಕಿದಳು.

"ಎಲ್ಲಿದ್ದೀಯಮ್ಮಿ?"

"ಇನ್ನೆಲ್ಲಿ? ಬ್ಯಾರನ್ ತಾವ. ಈಗ್ತಾನೆ ಸೌದೆ ಒಟ್ಟಿದೆ."

"ಬೆಂಕಿ ಎಲ್ಲ ಈಚೆಗೆ ಎಳಿ. ಬಾಗ್ಲು ತೆಗೀಬ್ಯಾಡ. ಎಳ್ದು ದೂರ ಹೋಗು."

"ನಿಮ್ಗೇನಾಗದೆ? ಎಲೆ ಹಳದಿ ತಿರುಗ್ಯದೆ, ಈಗ ಬೆಂಕಿ ತೆಗುದ್ರೆ ಎಲ್ಲ ಕಪ್ಪಾಗೋಯ್ತದೆ."

"ಆಗ್ಲಿ ಕಣಮ್ಮಿ! ಸೊಪ್ಪು ಹೋಗ್ಲಿ. ನೀನು ಅಲ್ಲಿಂದ ಏಳು."

ಗಂಡ ಹೀಗೆ ಗಾಬರಿ ಬೀಳುವುದು ತಪಾಸಣೆಗೆ ಯಾರಾದರೂ ದೊಡ್ಡವರು ಬಂದಾಗ ಮಾತ್ರ ಎಂದುಕೊಂಡಳೋ ಏನೋ, ಸುನಂದಮ್ಮ ದನಿ ತಗ್ಗಿಸಿ ಕೇಳಿದಳು. "ಯಾಕ್ರೀ, ನಮ್ಮ ಬ್ಯಾರನ್ ನೋಡಕ್ಕೆ ಯಾರಾದ್ರೂ ಬತ್ತಾವ್ರಾ?"

"ಇಲ್ಲ ಕಣೆ," ಎಂದ ಕಾಂತರಾಜು. "ಆರು ವರ್ಸದಿಂದ ಯಾರೂ ಬಂದಿಲ್ಲ."

ಆ ಕಡೆ ಸುನಂದಮ್ಮ ಉರಿಯುವ ಕೊರಡನ್ನು ನೆಲದ ಮೇಲೆ ಎಳೆಯುವ ಸದ್ದು ಫೋನಿನಲ್ಲಿ ಕೇಳಿಸಿತು.