ಉಚ್ಚಂಗೆಮ್ಮನ ಕುಂಕುಮ

ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆಯ ಉಚ್ಚಂಗೆಮ್ಮ ಕುಂಕುಮ ಮಾಡುತ್ತಿದ್ದಳು. ಅರಿಶಿನದ ಕೊಂಬಿಗೆ ನಿಂಬೆರಸ, ಬಿಳಿಗಾರ ಸೇರಿಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ ಜರಡಿ ಹಿಡಿಯುವುದು ಅತ್ತೆಯಿಂದ ಕಲಿತ ಕೆಲಸ. ಗಂಡ ಸತ್ತ ಮೇಲೂ ಬಿಡಲಿಲ್ಲ. ಬಿಟ್ಟರೆ ಒಲೆ ಹತ್ತುತ್ತಿರಲಿಲ್ಲ. ತಾನು ಇಟ್ಟುಕೊಳ್ಳಲಾಗದ ಕುಂಕುಮವನ್ನು ಊರಿಗೆಲ್ಲ ಮಾಡಿಕೊಟ್ಟಳು. ಇಟ್ಟುಕೊಂಡವರು ಆಗ ಯಾರೂ ಚಕಾರ ಎತ್ತಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ನ್ಯಾಮತಿಯಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದ ಶಂಕ್ರಮ್ಮನ ಹಣೆಯಲ್ಲಿ ಗುಳ್ಳೆ ಎದ್ದವು. ಅವಳು ಕುಂಕುಮ ತಂದದ್ದು ಷಣ್ಮುಖಪ್ಪನ ಅಂಗಡಿಯಿಂದ. ಅವನಿಗೆ ಕೊಟ್ಟವಳು ಉಚ್ಚಂಗೆಮ್ಮ. ಗಂಡನಿಲ್ಲದವಳ ಕೈಯ ಕುಂಕುಮ, ಇನ್ನೇನಾದೀತು ಎಂದು ಮೊದಲು ಬಾಯಿಬಿಟ್ಟವನೇ ಷಣ್ಮುಖಪ್ಪ. ಊರಿಗೆ ಅಷ್ಟು ಸಾಕಾಯಿತು. ಅವಳ ಬಾಗಿಲಿಗೆ ಯಾರೂ ಬರದಾದರು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ರೇವಣ್ಣ ಮೇಷ್ಟ್ರು ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಕೆಲಸ ಮಾಡಿ ಬಂದವರು. ಕುಂಕುಮದೊಳಗಿನ ಬಣ್ಣಗಳನ್ನು ಬೇರೆ ಮಾಡಿ ನೋಡೇಬಿಡೋಣ ಎಂದರು. ಉಚ್ಚಂಗೆಮ್ಮ ತನ್ನ ಮಡಕೆಯ ಕುಂಕುಮ ತಂದಳು, ಶಂಕ್ರಮ್ಮ ಅಂಗಡಿಯದು ತಂದಳು. ಶಾಲೆಯ ಜಗಲಿ ತುಂಬ ಜನ. ಮೇಷ್ಟ್ರು ಎರಡು ಗಾಜಿನ ಕೊಳವೆಗಳ ತಳಕ್ಕೆ ಹತ್ತಿ ತುರುಕಿ, ಸೀಮೆಸುಣ್ಣದ ಪುಡಿಯನ್ನು ಬಿಗಿಯಾಗಿ ತುಂಬಿದರು. ಒಂದೊಂದು ಕುಂಕುಮವನ್ನೂ ಸ್ಪಿರಿಟ್‌ನಲ್ಲಿ ಕಲಸಿ, ಸೋಸಿ, ಒಂದೊಂದು ಕೊಳವೆಗೆ ಹನಿಸಿದರು. ಆಮೇಲೆ ಬರೀ ಸ್ಪಿರಿಟ್ ಸುರಿಯುತ್ತ ಹೋದರು. ಸುಣ್ಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಬಣ್ಣ ಮೇಲೇ ಉಳಿಯುತ್ತದೆ, ಹಿಡಿತ ಸಡಿಲ ಇದ್ದದ್ದು ಕೆಳಗೆ ಜಾರುತ್ತದೆ ಎಂದು ಬಿಡಿಸಿ ಹೇಳಿದರು.

ಉಚ್ಚಂಗೆಮ್ಮನ ಕೊಳವೆಯಲ್ಲಿ ಕಂಡದ್ದು ಅರಿಶಿನದ ಪಟ್ಟಿ ಮಾತ್ರ. ಅಂಗಡಿಯದರಲ್ಲಿ ಆ ಪಟ್ಟಿಯಿಂದ ಕಡುಗುಲಾಬಿ ಬಣ್ಣವೊಂದು ಬಿಡಿಸಿಕೊಂಡು ಕೆಳಗಿಳಿಯಿತು. ಹೊಳಪು ಬರಲೆಂದು ಬಟ್ಟೆಗೆ ಹಾಕುವ ಬಣ್ಣ ಬೆರೆಸಿದ್ದನ್ನು ಷಣ್ಮುಖಪ್ಪ ತಲೆ ತಗ್ಗಿಸಿ ಒಪ್ಪಿಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಊರಿನ ಹಿರಿಯ ಮರುಳಸಿದ್ದಪ್ಪನವರು ಗಂಟಲು ಸರಿಮಾಡಿಕೊಂಡು, ತಪ್ಪು ಇವನದೇ ಸರಿ, ಆದರೂ ಇನ್ನುಮೇಲೆ ಯಾರಾದರೂ ಮುತ್ತೈದೆ ಕುಂಕುಮ ಕುಟ್ಟಲಿ ಎಂದರು.

ಉಚ್ಚಂಗೆಮ್ಮ ಎರಡೂ ಕೊಳವೆಗಳನ್ನು ಎತ್ತಿ ಅವರ ಮುಂದೆ ಹಿಡಿದಳು.

"ಅರಿಶಿನ ಕಂಡೈತೆ, ಬಣ್ಣ ಕಂಡೈತೆ. ನನ್ನ ಮುಂಡೆತನ ಯಾವ ಪಟ್ಟಿಯಾಗೈತೆ, ತೋರಿಸ್ರಿ."

ಅವರು ಕೊಳವೆಯ ಕಡೆ ನೋಡಲೂ ಇಲ್ಲ. ಶಂಕ್ರಮ್ಮ ಮುಂದೆ ಬಂದಳು. ಕೊಳವೆಗಳನ್ನು ತೆಗೆದಿಟ್ಟು, ಮಡಕೆಯನ್ನು ಉಚ್ಚಂಗೆಮ್ಮನ ಕೈಗಿಟ್ಟು, ಗುಳ್ಳೆ ಮಾಯ್ದ ಹಣೆಯನ್ನು ಬಾಗಿಸಿದಳು.

"ನೀವೇ ಇಡ್ರಿ, ಅವ್ವ."

ಉಚ್ಚಂಗೆಮ್ಮ ಮಡಕೆಯಲ್ಲಿ ಬೆರಳದ್ದಿ ಆ ಹಣೆಗೆ ಒತ್ತಿದಳು. ಗಂಡ ಸತ್ತ ಮೇಲೆ ಅವಳು ಇನ್ನೊಬ್ಬಳ ಹಣೆಗೆ ಕುಂಕುಮ ಇಟ್ಟದ್ದು ಅದೇ ಮೊದಲು.